ತಿಂಗಳಿಗೊಂದು ಮುಚ್ಚಿದ ಬುತ್ತಿ

ನನ್ನ ಸ್ಥಿತಿಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ನಾನು ಉಣ್ಣುವ ತಟ್ಟೆ ನೋಡಿದರೆ ಸಾಕು. ಎಲ್ಲರಿಗೂ ಖಡಕ್ ರೊಟ್ಟಿ, ನನಗೆ ಅದೇ ರೊಟ್ಟಿ ಚೂರು ಮಾಡಿ ಹಾಲಿನಲ್ಲಿ ನೆನೆಸಿದ್ದು. ಎಲ್ಲರಿಗೂ ಸ್ಟೀಲಿನ ಗ್ಲಾಸು, ನನಗೆ ಎರಡು ಹಿಡಿಕೆಯ ಪ್ಲಾಸ್ಟಿಕ್ ಕಪ್ಪು. ನನ್ನ ಅಂಗಿಗಳ ಗುಂಡಿಗಳನ್ನೆಲ್ಲ ಅವ್ವ ಕಿತ್ತು, ಒತ್ತಿದರೆ ಅಂಟಿ, ಎಳೆದರೆ ಚರ್ರೆಂದು ಬಿಚ್ಚುವ ಪಟ್ಟಿ ಹೊಲಿಸಿದ್ದಾಳೆ. ಸ್ನಾಯು ಸೊರಗುವ ರೋಗ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ನಮಗೆ ಮೂವರಿಗೆ ಮಾತ್ರ, ನನಗೆ, ಅವ್ವನಿಗೆ, ಅಕ್ಕ ಸುಧಾರಾಣಿಗೆ. ಈಗ ದೇವಿಕೊಪ್ಪದ ನಮ್ಮ ಮನೆಯ ಕಪ್ಪು, ಅಂಗಿ, ಹೊಸ್ತಿಲು ಎಲ್ಲಕ್ಕೂ ಅದು ಗೊತ್ತಾಗಿದೆ. ಗಾಲಿಕುರ್ಚಿ ಹಾಯಲೆಂದು ಹೊಸ್ತಿಲು ತೆಗೆಸುವ ದಿನ ಅವ್ವ ಅದಕ್ಕೆ ಅರಿಶಿನ ಹಚ್ಚಿ, ಕೈಮುಗಿದು, ಆಮೇಲೆ ಬಡಿಗನಿಗೆ "ಹೊಡೀರಿ" ಎಂದಳು.

ಕಾಲು ಮೊದಲು ಹೋದವು. ಈಗ ಕೈ. ಎಡಗೈ ತೊಡೆಯ ಮೇಲೆ ಕೂತಿರುತ್ತದೆ, ಬಲಗೈಯಲ್ಲಿ ಎರಡು ಬೆರಳು ಮಾತ್ರ ಹೇಳಿದ ಮಾತು ಕೇಳುತ್ತವೆ. ನೋವಿಲ್ಲ. ಮೊದಮೊದಲು ದುಃಖವಾದರೂ ಆಗುತ್ತಿತ್ತು, ಈಗ ಅದೂ ಇಲ್ಲ. ಯಾರಾದರೂ ಬಂದು "ಹೆಂಗದಿಯಪಾ ಕೃಷ್ಣಾ" ಎಂದರೆ "ಆರಾಮ ಅದೀನ್ರಿ" ಎನ್ನುತ್ತೇನೆ. ಸುಳ್ಳಲ್ಲ. ನಿಜ ಅಂತಲೂ ಹೇಳಲಾರೆ.

ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಶಂಕ್ರಪ್ಪ ಕಾಕಾನ ಬಳಿ ನಾನು ಬಣ್ಣದ ಕೆಲಸ ಮಾಡುತ್ತಿದ್ದೆ. ತೊಟ್ಟಿಲಿನ ಅಂಚಿಗೆ ಬಳ್ಳಿ ಬರೆಯುವುದು ನನ್ನ ಪಾಲು. ಒಂದು ದಿನ ಬಳ್ಳಿಯ ತುದಿ ಎಳೆಯುವಾಗ ಕುಂಚ ಜಾರಿ ಬಿತ್ತು, ಎತ್ತಿಕೊಂಡರೆ ಮತ್ತೆ ಜಾರಿತು. ಅಲ್ಲಿಂದ ಶುರು. ಕಾಕಾ ಒಳ್ಳೆಯವನು, ಈಗಲೂ ಆಗಾಗ ಒಂದು ಹಲಗೆ ತಂದು ನನ್ನ ಮುಂದಿಟ್ಟು "ಬರೇ ಕೆಂಪ ತುಂಬಪಾ, ಗೆರಿ ಆಮ್ಯಾಲ ನೋಡೂಣು" ಎನ್ನುತ್ತಾನೆ. ನಾನು ತುಂಬಿದ್ದನ್ನು ಅಂಗಡಿಯಲ್ಲಿ ಪೂರ್ತಿ ಕೆರೆದು ಮತ್ತೆ ಹಚ್ಚುತ್ತಾರೆ. ಅದು ನನಗೆ ಗೊತ್ತು. ನನಗೆ ಗೊತ್ತೆಂಬುದು ಅವನಿಗೆ ಗೊತ್ತಿಲ್ಲ, ಪಾಪ.

ಇಷ್ಟೆಲ್ಲದರ ನಡುವೆ ನನ್ನ ರೋಗದ ಸುದ್ದಿ ಮುಟ್ಟದೆ ಉಳಿದದ್ದು ಒಂದೇ ಒಂದು, ಆಟದ ಚಂದಾ.

ಕಂಪ್ಯೂಟರಿನಲ್ಲಿ ಆಡುವ ಆಟಗಳವು. ಚಂದಾ ಕಟ್ಟಿದರೆ ಪ್ರತಿ ತಿಂಗಳು ಒಂದನೇ ತಾರೀಖು ಒಂದು ಕೋಡು, ಅಂದರೆ ಆಟ ತೆರೆಯುವ ಗುಟ್ಟಿನ ಅಕ್ಷರಗಳು, ಬರುತ್ತದೆ. ಯಾವ ಆಟವೆಂದು ಮೊದಲೇ ಹೇಳುವುದಿಲ್ಲ, ಕೋಡು ಹಾಕಿ ತೆರೆದ ಮೇಲಷ್ಟೇ ತಿಳಿಯುವುದು. ಅವ್ವ ಇದಕ್ಕೆ ಮುಚ್ಚಿದ ಬುತ್ತಿ ಎಂದು ಹೆಸರಿಟ್ಟಳು. ಬುತ್ತಿಯಲ್ಲಿ ಬಹುಪಾಲು ಹಳಸಿದ್ದೇ ಬರುತ್ತಿತ್ತು. ಯಾರೂ ಕೊಳ್ಳದೆ ಬಿಟ್ಟ ಆಟಗಳು, ಅರ್ಧಕ್ಕೇ ನಿಂತುಹೋಗುವವು, ಹಿಂದೊಮ್ಮೆ ಬಂದದ್ದೇ ಇನ್ನೊಮ್ಮೆ. ಒಂದು ಸಲ ಬಂದ ಕೋಡನ್ನು ಆಗಲೇ ಯಾರೋ ಬಳಸಿಬಿಟ್ಟಿದ್ದರು. ದೂರು ಬರೆದರೆ ಉತ್ತರವಿಲ್ಲ. ಕಲಘಟಗಿಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನಿಗೆ ಕಂಪ್ಯೂಟರಿನ ಮೋಸಗಳೆಲ್ಲ ಗೊತ್ತು. ಅವಳು ಮೊದಲಿನಿಂದಲೂ ಇದಕ್ಕೆ ವಿರೋಧ.

"ನೋಡಲಾರದ ಯಾರರ ಸಾಮಾನು ಕೊಳ್ತಾರೇನಲೇ? ಸಂತ್ಯಾಗ ಬದನೀಕಾಯಿ ಸುದ್ದಾ ಹೊಳ್ಳಿಸಿ ಹೊಳ್ಳಿಸಿ ನೋಡ್ತೀವಿ. ನಿಂಗ ಬೇಕಾದ್ದ ನೀನ ಆರಿಸು, ಅದನ್ನ ತರಸೂಣು."

"ಹುಟ್ಟೂದು ಗಂಡೋ ಹೆಣ್ಣೋ ಗೊತ್ತಿಲ್ಲದ ಮಂದಿ ತೊಟ್ಟಿಲಾ ಮಾಡಸೂದಿಲ್ಲೇನು?" ಎಂದಿದ್ದೆ.

ಅದು ಬಾಯಿ ಮುಚ್ಚಿಸುವ ಮಾತು ಅಷ್ಟೆ. ನಿಜವಾದ ಕಾರಣ ಬೇರೆ. ಆರಿಸುವುದೆಂದರೆ ನನಗೆ ಆಗುವುದು ಯಾವುದು, ಆಗದಿರುವುದು ಯಾವುದು ಎಂದು ನಾನೇ ಕೂತು ಬೇರ್ಪಡಿಸಬೇಕು. ಈ ಆಟಕ್ಕೆ ಎಷ್ಟು ಬೆರಳು ಬೇಕು ಎಂದು ಓದಿ ನೋಡಬೇಕು. ಆ ಕೆಲಸವನ್ನು ಊರೆಲ್ಲ ನನ್ನ ಪರವಾಗಿ ಮಾಡುತ್ತಿದೆ, ನಾನೂ ಕೈ ಹಾಕುವುದು ಬೇಡವೆನಿಸಿತ್ತು. ಚಂದಾದವರಿಗೆ ನಾನು ಯಾರೆಂದೇ ತಿಳಿಯದು. ಓಡಬಲ್ಲವನಿಗೆ ಕಳಿಸಿದ್ದನ್ನೇ ನನಗೂ ಕಳಿಸುತ್ತಾರೆ. ತಿಂಗಳಿಗೊಮ್ಮೆ ಹಾಗೆ ಯಾರೋ ನನ್ನನ್ನು ಎಲ್ಲರಂತೆ ಎಣಿಸುತ್ತಿದ್ದರು.

ಅದರಲ್ಲಿ ಅಪಾಯವೂ ಇತ್ತು. ಬೇಸಿಗೆಯಲ್ಲಿ ಒಂದು ಮೋಟರ್‌ಸೈಕಲ್ ರೇಸು ಬಂತು. ಒಂದು ಕಾಲಕ್ಕೆ ದೇವಿಕೊಪ್ಪದಿಂದ ಕಲಘಟಗಿಗೆ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಗಾಡಿ ಹಾರಿಸಿದವನು ನಾನು, "ಸಾವಕಾಶ ಹೊಡಿಯೋ ಮಾರಾಯಾ" ಎಂದು ಅವಳು ಬೆನ್ನಿಗೆ ಗುದ್ದುತ್ತಿದ್ದಳು. ಆಟದಲ್ಲಿ ಮೊದಲ ತಿರುವನ್ನೂ ದಾಟಲಾಗಲಿಲ್ಲ. ಗೋಡೆಗೆ ಬಡಿದೆ. ಮತ್ತೆ ಹಾಕಿದೆ, ಮತ್ತೆ ಅದೇ ಗೋಡೆ. ಸಂಜೆಯ ಹೊತ್ತಿಗೆ ನನ್ನನ್ನು ಗೋಡೆಯ ಕಡೆ ತಿರುಗಿಸಿ ಮಲಗಿಸೆಂದು ಅವ್ವನಿಗೆ ಹೇಳಿದೆ. ಒಂದು ವಾರ ಹಾಗೇ ಇದ್ದೆ. ಊಟ ಸೇರಲಿಲ್ಲ, ಯಾರ ಕೂಡ ಮಾತೂ ಇಲ್ಲ.

ಅದಾದ ಮೇಲೆ ಬುತ್ತಿಯ ರುಚಿ ಬದಲಾಯಿತು. ಮುಂದಿನ ತಿಂಗಳು ಒಂದು ಸಣ್ಣ ರೈಲ್ವೆ ನಿಲ್ದಾಣ ನಡೆಸುವ ಆಟ ಬಂತು. ಅವಸರವಿಲ್ಲ, ಒಂದು ಬೆರಳಿದ್ದರೂ ನಡೆದೀತು. ಅದರ ಮುಂದಿನ ತಿಂಗಳು ತೋಟ ಬೆಳೆಸುವುದು. ಆಮೇಲೆ ದೋಣಿಯಲ್ಲಿ ನಡುಗಡ್ಡೆಯಿಂದ ನಡುಗಡ್ಡೆಗೆ ಟಪಾಲು ಹಂಚುವುದು. ಎಲ್ಲವೂ ಚೆಂದ, ಎಲ್ಲವೂ ನಿಧಾನ. ಆಡಿದೆ, ಮುಗಿಸಿದೆ. ಏನೂ ಅನ್ನಿಸಲಿಲ್ಲ. ಹಾಲಿನಲ್ಲಿ ನೆನೆಸಿದ ರೊಟ್ಟಿ ನುಂಗಿದ ಹಾಗೆ ಒಳಗೆ ಹೋಗುತ್ತಿದ್ದವು. ಇಷ್ಟು ತಿಂಗಳಲ್ಲಿ ಒಂದೂ ಹೊಲಸು ಆಟ ಬರಲಿಲ್ಲವಲ್ಲ ಎಂದು ಒಮ್ಮೆ ಹೊಳೆಯಿತು, ಚಂದಾದವರಿಗೆ ಬುದ್ಧಿ ಬಂದಿರಬೇಕೆಂದು ಸುಮ್ಮನಾದೆ.

ಒಂದು ಸಂಜೆ ಅಕ್ಕ ನನ್ನ ಬಾಜು ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ನಾನು ದೋಣಿ ನಡೆಸುತ್ತಿದ್ದೆ. ಪರದೆಯ ಕಡೆ ನೋಡದೆ ಕೇಳಿದಳು, "ಎರಡನೇ ನಡುಗಡ್ಡ್ಯಾಗ ನಾಯಿ ಸಿಕ್ತೇನಲೇ?"

"ಸಿಕ್ತು" ಎಂದೆ.

ಸ್ವಲ್ಪ ಹೊತ್ತು ದೋಣಿ ಮುಂದೆ ಹೋಯಿತು. ಆಮೇಲೆ ನಿಲ್ಲಿಸಿದೆ. ಆ ನಾಯಿಯ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಬಹಳ ಹೊತ್ತು ಆಡಿದವರಿಗೆ ಮಾತ್ರ ಸಿಗುವ ನಾಯಿ ಅದು. ಚಂದಾ ಇದ್ದದ್ದು ಅಕ್ಕನ ಹೆಸರಿನಲ್ಲಿ. ಕೋಡು ಅವಳ ಮೇಲ್‌ಗೆ ಬರುತ್ತಿತ್ತು, ಅವಳು ಅದನ್ನು ಅಂಗಡಿಯಿಂದ ನನ್ನ ಮೊಬೈಲಿಗೆ ಕಳಿಸುತ್ತಿದ್ದಳು.

"ಅಕ್ಕಾ, ಚಂದಾ ಯಾವಾಗ ಬಂದ್ ಮಾಡಿದಿ?"

ಬಳ್ಳೊಳ್ಳಿ ಸುಲಿಯುವುದು ನಿಂತಿತು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ, ಅದೊಂದು ಕೊರತೆ ಅವಳಲ್ಲಿ.

"ಆ ಮೋಟರ್‌ಸೈಕಲ್ ಬಂದ ವಾರ. ಅವಾಗಿಂದ ನಾನ ಆಟಾ ಆರಿಸಿ ಕಳಸಾಕತ್ತೇನಿ. ಮದಲ ನಾ ಆಡಿ ನೋಡ್ತೇನಿ. ನಿನ್ನ ಕೈಲೆ ಆಗೂವಂಥಾದ್ದಿದ್ರ ಅಷ್ಟ ಕಳಸ್ತೇನಿ."

"ನನ್ನ ಕೈಲೆ ಆಗತೈತೋ ಇಲ್ಲೋ ನಿಂಗ ಹೆಂಗ ತಿಳೀತೈತಿ?"

ಅವಳು ಎದ್ದು ಹೋಗಿ ತನ್ನ ಬ್ಯಾಗಿನಿಂದ ಹಳೆಯ ಸೀರೆಯ ಅಂಚಿನ ಒಂದು ಪಟ್ಟಿ ತಂದಳು. ಬಲಗೈಯ ಮೂರು ಬೆರಳು ಮಡಚಿ, ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯಾಗಿ ಸುತ್ತಿದಳು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಉಳಿದ ಎರಡು ಬೆರಳನ್ನು ನನ್ನ ಮುಂದೆ ಆಡಿಸಿ ತೋರಿಸಿದಳು.

"ಮಾಲಕರು ಊಟಕ್ಕ ಹೋದಾಗ ಹಿಂಗ ಕಟಗೊಂಡು ಆಡ್ತಿದ್ದೆ" ಎಂದಳು.

ಸಂಜೆ ಹೊತ್ತು ಅವಳ ಬೆರಳುಗಳ ಮೇಲೆ ಕೆಂಪು ಗೆರೆಗಳನ್ನು ನಾನು ಎಷ್ಟೋ ಸಲ ನೋಡಿದ್ದೆ. ಕಾಗದದ ಕಟ್ಟುಗಳಿಗೆ ದಾರ ಬಿಗಿಯುವ ಕೆಲಸವಿರಬೇಕೆಂದು ತಿಳಿದಿದ್ದೆ.

ಅಂಥ ಹೊತ್ತಿನಲ್ಲಿ ಸಿಟ್ಟು ಬರಬೇಕು. ಇಲ್ಲವೆ ಅಳುವಾದರೂ ಬರಬೇಕು. ನಾನು ಕಾದೆ. ಏನೂ ಬರಲಿಲ್ಲ. ಅಕ್ಕನ ಮೇಲೆ ಪ್ರೀತಿ ಇದೆಯೆಂದು ತಲೆಗೆ ಗೊತ್ತಿತ್ತು, ಎದೆಗೆ ಅದು ಮುಟ್ಟಲಿಲ್ಲ.

"ಬಿಚ್ಚು ಅದನ್ನ" ಎಂದೆ. "ಈ ಮನ್ಯಾಗ ಎಲ್ಲಾಕ್ಕೂ ನನ್ನ ಬ್ಯಾನಿ ಗೊತ್ತೈತಿ. ಆ ಚಂದಾ ಒಂದಕ್ಕ ಗೊತ್ತಿದ್ದಿಲ್ಲ. ಅದಕ್ಕೂ ಹೇಳಿಬಿಟ್ಟೆಲ್ಲಾ."

"ಗೊತ್ತಿಲ್ಲದ ಬಂದು ನಿನ್ನ ಏನ ಮಾಡಿ ಹೋತು ಮರತೇನು?" ಅಕ್ಕನ ದನಿ ಏರಿತು. "ಒಂದ ವಾರ ಪೂರಾ ಗ್ವಾಡಿಗೆ ಮಾರಿ ಮಾಡಿ ಬಿದ್ದಿ. ಅವ್ವ ಗಂಜಿ ಬಟ್ಟಲಾ ಹಿಡಕೊಂಡು ನಿನ್ನ ಬೆನ್ನಿನ ಕೂಡ ಮಾತಾಡ್ತಿದ್ಲು. ಅದನ್ನ ನೋಡಿದಾಕಿ ನಾ, ನೀ ಅಲ್ಲ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ವಾರ ಕೆಟ್ಟದಾಗಿತ್ತು. ಮೋಟರ್‌ಸೈಕಲ್ಲಿನ ಸಪ್ಪಳ ಕೇಳಿದರೆ ಹಲ್ಲು ಕಡಿಯುತ್ತಿದ್ದೆ. ಆದರೆ ಆಮೇಲಿನ ತಿಂಗಳುಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ರೈಲು, ತೋಟ, ದೋಣಿ. ಅವುಗಳಲ್ಲಿ ನಾನು ಇದ್ದೆನೆಂಬುದಕ್ಕೆ ನನ್ನ ಬಳಿ ಏನೂ ಗುರುತಿರಲಿಲ್ಲ.

"ಅಕ್ಕಾ, ಆ ವಾರ ಕೆಟ್ಟ ಅನಸ್ತು, ಖರೆ" ಎಂದೆ. "ಅದು ಬಿಟ್ರ ಈ ವರ್ಷ ಪೂರಾ ನಂಗ ಏನೂ ಅನಿಸಿಲ್ಲ. ಚಂದಾ ಮತ್ತ ಚಾಲೂ ಮಾಡು."

"ಮತ್ತ ಹಂಗ ಆದ್ರ?"

"ಆಗಲಿ."

ಅವಳು ಬಳ್ಳೊಳ್ಳಿಯ ಪರಾತ ಎತ್ತಿಕೊಂಡು ಒಳಗೆ ಹೋದಳು. ಅವ್ವ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳೆಂದು ಗೊತ್ತು, ಏಕೆಂದರೆ ಒಗ್ಗರಣೆಯ ಸಪ್ಪಳ ಬಹಳ ಹೊತ್ತು ಬರಲಿಲ್ಲ.

ಒಂದನೇ ತಾರೀಖು ಬಂತು. ಮಧ್ಯಾಹ್ನ ಮೊಬೈಲಿಗೆ ಕೋಡು ಬಂತು, ಮುಂದೆ ಹಿಂದೆ ಒಂದು ಮಾತಿಲ್ಲ. ಇದು ಚಂದಾದವರು ಕಳಿಸಿದ್ದೋ, ಅಕ್ಕ ಬೆರಳು ಕಟ್ಟಿಕೊಂಡು ಆರಿಸಿದ್ದೋ ಹೇಗೆ ತಿಳಿಯಬೇಕು? ಅವ್ವ ಬಂದು ನನ್ನ ಕೈಯನ್ನು ಮೇಜಿನ ಮೇಲಿಟ್ಟು ಕೊಟ್ಟಳು. ಒಂದೊಂದೇ ಅಕ್ಷರ ಒತ್ತಿದೆ.

ಕುಸ್ತಿಯ ಆಟ. ಇಬ್ಬರು ಪೈಲ್ವಾನರು. ಎಡಗೈಗೆ ನಾಲ್ಕು ಗುಂಡಿ, ಬಲಗೈಗೆ ಅದಕ್ಕಿಂತ ಹೆಚ್ಚು, ಎಲ್ಲವನ್ನೂ ಒಟ್ಟಿಗೆ ಪಟಪಟ ಒತ್ತಬೇಕು. ಅದೂ ಎಂಥ ಹೊಲಸು ಆಟ! ಪೈಲ್ವಾನರ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ, ಒಬ್ಬನ ಮೀಸೆ ಮುಖ ಬಿಟ್ಟು ಪಕ್ಕದಲ್ಲಿ ತೇಲುತ್ತಿತ್ತು. ಅಕ್ಕ ಆರಿಸಿದ್ದಲ್ಲ ಇದು. ಮನುಷ್ಯರಾಗಿ ಹುಟ್ಟಿದವರು ಯಾರೂ ಆರಿಸುವಂಥದ್ದಲ್ಲ. ನಾನು ಮೀಸೆಯನ್ನೇ ನೋಡುತ್ತ ಕೂತೆ. ಆಡಿದೆ. ಕಂಪ್ಯೂಟರಿನ ಪೈಲ್ವಾನ ನನ್ನನ್ನು ಎತ್ತಿ ಎತ್ತಿ ಒಗೆದ.

ಸಂಜೆಯ ಬಸ್ಸಿಗೆ ಅಕ್ಕ ಬಂದಳು. ಚಪ್ಪಲಿ ಕಳೆಯುವ ಮೊದಲೇ ಬಾಗಿಲಲ್ಲಿ ನಿಂತು, ನನ್ನ ಮುಖ ಯಾವ ಕಡೆಗಿದೆ ಎಂದು ನೋಡಿದಳು. ಮುಖ ಅವಳ ಕಡೆಗೇ ಇತ್ತು.

"ಬಾ, ಕುಂಡ್ರು. ಇಬ್ಬರು ಆಡೂದೈತಿ" ಎಂದೆ.

ಕೀಲಿಮಣೆಯ ಒಂದು ಕಡೆ ಅವಳು, ಒಂದು ಕಡೆ ನಾನು. ಶುರುವಾಯಿತು. ಅವಳ ಪೈಲ್ವಾನ ಸುಮ್ಮನೆ ನಿಂತೇ ಇದ್ದ. ನಾನು ಒಂದು ಬೆರಳಿನಿಂದ ಹೊಡೆದೆ, ನಿಂತ. ಮತ್ತೆ ಹೊಡೆದೆ, ನಿಂತ. ಕಡೆಗೆ ಬಿದ್ದ. "ಅಯ್ಯ, ಸೋತ್ನೆಲ್ಲಾ" ಎಂದಳು ಅಕ್ಕ. ಅವಳ ಕೈ ನೋಡಿದೆ. ಪಟ್ಟಿ ಇರಲಿಲ್ಲ. ಆದರೂ ಮೂರು ಬೆರಳು ರೂಢಿಗೆ ಬಿದ್ದು ತಾವಾಗಿಯೇ ಮಡಚಿಕೊಂಡಿದ್ದವು.

"ಬೆರಳ ಬಿಚ್ಚು."

"ಕೃಷ್ಣಾ..."

"ಹೊಡಿ ಅಕ್ಕಾ. ಎಲ್ಲಾ ಬೆರಳ್ಲೆ ಹೊಡಿ. ನೀನೂ ಹೊಡೀಲಿಲ್ಲಂದ್ರ ನಂಗ ಮತ್ಯಾರು ಹೊಡೀತಾರು?"

ಅವಳು ನನ್ನನ್ನು ನೋಡಿದಳು. ಕಣ್ಣು ಒರೆಸಿಕೊಂಡಳು. ಎರಡೂ ಕೈ ಕೀಲಿಮಣೆಯ ಮೇಲಿಟ್ಟಳು.

ಆಮೇಲೆ ಆದದ್ದು ಆಟವಲ್ಲ. ನನ್ನ ಪೈಲ್ವಾನ ಕಣ್ಣು ಪಿಳುಕಿಸುವುದರೊಳಗೆ ನೆಲಕ್ಕೆ ಬಿದ್ದ. ಎದ್ದ, ಮತ್ತೆ ಬಿದ್ದ. ಅಕ್ಕ ಮೊದಲು ಹಲ್ಲು ಕಚ್ಚಿ ಹೊಡೆಯುತ್ತಿದ್ದಳು, ಬರಬರುತ್ತ ಗೆಲ್ಲುವ ಹುಚ್ಚು ಹತ್ತಿತು. ಮುಂದಕ್ಕೆ ಬಾಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಡಿದಳು. ನನ್ನವನನ್ನು ಎತ್ತಿ ತಲೆಯ ಮೇಲೆ ತಿರುಗಿಸಿ ಒಗೆದಾಗ "ಹೋಗಲೇ ಮಗನ!" ಎಂದು ಕೂಗಿಯೇಬಿಟ್ಟಳು.

"ಯಾರ ಗೆದ್ರಲೇ?" ಅಡುಗೆಮನೆಯಿಂದ ಅವ್ವ ಕೇಳಿದಳು.

"ನಾನ ಬೇ! ಎಲ್ಲಾ ನಾನ ಗೆದ್ದೆ!" ಅಕ್ಕನ ದನಿಯಲ್ಲಿ ಒಂದಿಷ್ಟೂ ಕನಿಕರವಿರಲಿಲ್ಲ.

ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಕಿವಿ ಬಿಸಿಯಾದವು, ಎದೆ ಹೊಡೆದುಕೊಂಡಿತು.

"ಭಾಳ ಹಾರಾಡಬ್ಯಾಡ" ಎಂದೆ. "ಇನ್ನೊಂದ ಆಟಾ ಹಾಕು."