ಅಮ್ಮನ ಮಡಿಲಲ್ಲಿದ್ದ ದೊರೆ

ಕಪ್ಪು-ಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಚ್ಚಿಯೇ ನಲವತ್ತು ವರ್ಷ ಹೊಟ್ಟೆ ಹೊರೆದವಳನ್ನು ಬೀದಿಯವರೆಲ್ಲ ಬಣ್ಣದಕ್ಕ ಎನ್ನುತ್ತಿದ್ದರು. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿತ್ತು. ಊರವರ ಅಜ್ಜ-ಅಜ್ಜಿಯರ ಕೆನ್ನೆಗೆಲ್ಲ ರಂಗೇರಿಸಿದವಳು ಸ್ವಂತ ಅಮ್ಮನ ಫೋಟೋ ಮಾತ್ರ ಮುಟ್ಟಿರಲಿಲ್ಲ. ಇದ್ದದ್ದು ಅದೊಂದೇ: ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತ ಅಮ್ಮ, ಮಡಿಲಲ್ಲಿ ಕಪ್ಪು-ಬಿಳಿ ಬೆಕ್ಕು. ಕೈ ನಡುಗಲು ಶುರುವಾದ ಮೇಲೆ, ಇನ್ನು ತಡಮಾಡಿದರೆ ಆಗದು ಎನಿಸಿ ಈ ವರ್ಷ ಧೈರ್ಯ ಮಾಡಿದಳು.

ಆ ಫೋಟೋ ತೆಗೆದಾಗ ಅವಳು ಮನೆಯಲ್ಲಿರಲಿಲ್ಲ. ಶಾಲೆ ಹತ್ತಿರವೆಂದು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ಬೆಕ್ಕು ಮನೆಗೆ ಬಂದದ್ದೇ ಅವಳು ಹೋದ ಮೇಲೆ. ಮರಳಿ ಬರುವಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು, ಬೆಕ್ಕು ಎಲ್ಲೋ ಹೊರಟುಹೋಗಿತ್ತು. ಅಪ್ಪನಿಗೆ ದೂರದ ಕೆಲಸ. ಕೊನೆಯ ಆ ತಿಂಗಳುಗಳಲ್ಲಿ ಅಮ್ಮನ ಜೊತೆ ಇದ್ದವನು ತಮ್ಮ ಒಬ್ಬನೇ, ನಾಲ್ಕು ವರ್ಷದ ಪೋರ.

ಅವನಿಗೆ ಅಮ್ಮನ ನೆನಪು ಒಂದೇ ಒಂದು. ಕೇಸರಿ ಬಣ್ಣವಿದ್ದ ಬೆಕ್ಕೊಂದು ಅಮ್ಮನ ಬಟ್ಟೆ ಪೆಟ್ಟಿಗೆಯಲ್ಲಿ ಮರಿ ಹಾಕಿತ್ತು; ಅಮ್ಮ ಅದನ್ನು ಓಡಿಸದೆ, ಇವನ ಬೆರಳು ಹಿಡಿದು ಒಂದೊಂದು ಮರಿಯ ತಲೆಯನ್ನೂ ಮುಟ್ಟಿಸಿದ್ದಳು. ಅವನು ಬಾಯಿ ತೆರೆದರೆ ಸಾಕು, ಅಕ್ಕ ಫೋಟೋ ತಂದು ಮುಖಕ್ಕೆ ಹಿಡಿಯುತ್ತಿದ್ದಳು. ಈ ಕಪ್ಪು-ಬಿಳಿ ಬೆಕ್ಕಿಗೆ ಕೇಸರಿ ಎಲ್ಲಿಂದ ಬಂತು? ಸಾಲದ್ದಕ್ಕೆ ಫೋಟೋದ ಹಿಂದೆ ಅಪ್ಪ ಬೆಕ್ಕಿನ ಹೆಸರನ್ನು ‘ದೊರೆ’ ಎಂದು ಬರೆದಿದ್ದ. ದೊರೆ ಮರಿ ಹಾಕಿದನಂತೆ ಎಂದು ಚಿಕ್ಕಮ್ಮನ ಮಕ್ಕಳೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅಪ್ಪನೋ, ಆ ದಿನಗಳ ಮಾತು ಬಂದರೆ ಎದ್ದು ಹೋಗುತ್ತಿದ್ದ. ತಮ್ಮ ಬಸ್ ಡ್ರೈವರಾಗಿ, ಮೊಮ್ಮಕ್ಕಳನ್ನು ಕಂಡ ಮೇಲೂ ಆ ಗೇಲಿ ತಪ್ಪಲಿಲ್ಲ. ಈಚೆಗೆ ಅವನು ಆ ಮಾತೆತ್ತುವುದನ್ನೇ ಬಿಟ್ಟಿದ್ದ.

ನಿಜ ಹೇಳಬೇಕೆಂದರೆ ಅಕ್ಕನಿಗೆ ಹೊಟ್ಟೆಕಿಚ್ಚು. ತನಗೆ ಸಿಗದ ಅಮ್ಮ ಇವನಿಗೆ ಸಿಕ್ಕಳಲ್ಲ ಎಂದು.

ಅಂದು ಮಧ್ಯಾಹ್ನ ಕಿಟಕಿಯ ಪಕ್ಕ ಕೂತು, ಕಡ್ಡಿಗೆ ಹತ್ತಿ ಸುತ್ತಿ, ಮೊದಲು ಶಾಲಿಗೆ ಕೈ ಹಾಕಿದಳು. ಆ ಶಾಲು ಈಗಲೂ ಅವಳ ಬೀರುವಿನಲ್ಲಿದೆ, ಅಚ್ಚ ಕೆಂಪು. ಫೋಟೋದಲ್ಲಿ ಕಪ್ಪು. ಆ ಕಾಲದ ಅಗ್ಗದ ಫಿಲ್ಮಿಗೆ ಕೆಂಪೂ ಕೇಸರಿಯೂ ಕಪ್ಪಾಗಿಯೇ ಬೀಳುತ್ತಿದ್ದವು; ಅವಳ ಕಸುಬಿನಲ್ಲಿ ಇದು ಮೊದಲ ದಿನದ ಪಾಠ, ಈ ಫೋಟೋಗೆ ಮಾತ್ರ ಅದನ್ನು ಎಂದೂ ಅನ್ವಯಿಸಿ ನೋಡಿರಲಿಲ್ಲ. ಕಪ್ಪಿನ ಮೇಲೆ ಕೆಂಪು ಏಳಲೆಂದು ದಪ್ಪಗೆ ಹಚ್ಚುತ್ತಾ ಬೆಕ್ಕಿನ ಮುಖದ ಹತ್ತಿರ ಬಂದಳು. ಕೈ ನಿಂತಿತು. ಶಾಲಿನ ಕಪ್ಪು ಕೆಂಪಾದರೆ, ಬೆಕ್ಕಿನ ಕಪ್ಪು?

ಭೂತಗನ್ನಡಿ ಹಿಡಿದು ನೋಡಿದಳು. ಬೆನ್ನಿನ ಕಪ್ಪು ಮಸಿ ಸುರಿದಂತೆ ಒಂದೇ ಸಮ. ಒಂದು ಕಣ್ಣಿನ ಸುತ್ತ ಮಾತ್ರ ತೆಳು ಪಟ್ಟೆಗಳಿದ್ದವು. ಕೇಸರಿ ಕೂದಲಿಗೆ ಆ ಪಟ್ಟೆ ತಪ್ಪಿದ್ದಲ್ಲ. ಹಿಂದೊಮ್ಮೆ ಪಶುವೈದ್ಯರೊಬ್ಬರ ಗಂಡು ಬೆಕ್ಕಿನ ಫೋಟೋಗೆ ಚೆಂದಕ್ಕೆಂದು ಕಪ್ಪಿನ ಜೊತೆ ಕೇಸರಿಯನ್ನೂ ಹಚ್ಚಿ ಉಗಿಸಿಕೊಂಡಿದ್ದಳು. ಕಪ್ಪು, ಕೇಸರಿ ಎರಡೂ ಒಂದೇ ಮೈಮೇಲಿದ್ದರೆ ಅದು ಹೆಣ್ಣೇ, ಗಂಡು ಸಾವಿರಕ್ಕೊಂದೂ ಸಿಗದು ಎಂದು ಅವರು ಹೇಳಿಕೊಟ್ಟಿದ್ದರು. ಅಪ್ಪ ಮಹಾಶಯ ಬಾಲ ಎತ್ತಿಯೂ ನೋಡದೆ ಹೆಸರಿಟ್ಟಿದ್ದ.

ತಮ್ಮನಿಗೆ ಫೋನ್ ಮಾಡಿದಳು.

“ಆ ಬೆಕ್ಕಿಗೆ ಕೇಸರಿ ಎಲ್ಲಿತ್ತೋ?”

ಮತ್ತೆ ಗೇಲಿಗೆ ಎಂದೇ ಅವನು ಮೊದಲು ಅಂದುಕೊಂಡಿರಬೇಕು. ಇಷ್ಟು ವರ್ಷಗಳಲ್ಲಿ ಎಲ್ಲಿತ್ತು ಎಂದು ಯಾರೂ ಅವನನ್ನು ನೆಟ್ಟಗೆ ಕೇಳಿರಲಿಲ್ಲ.

“ಒಂದ್ ಕಣ್ಣಿನ ಸುತ್ತ ಕಣಕ್ಕಾ. ಯಾಕೆ?”

“ನೀನ್ ಹೇಳಿದ್ದೆಲ್ಲಾ ನಿಜ ಕಣೋ. ಅದು ಹೆಣ್ಣು. ಮರಿ ಹಾಕಿತ್ತು. ನಾನೇ ಇಷ್ಟು ವರ್ಷ ನಿನ್ ಬಾಯಿ ಮುಚ್ಚಿಸ್ದೆ.”

ಎಪ್ಪತ್ತರ ಹತ್ತಿರದ ಗಂಡಸು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಅವನ ಅಳು ತಗ್ಗುವವರೆಗೂ ಕಾದು, ದೊಡ್ಡವಳೆಂಬ ಬಿಗುಮಾನವನ್ನೆಲ್ಲ ಬಿಟ್ಟು ಕೇಳಿದಳು.

“ಅಮ್ಮನ ಕೈ ಹೇಗಿತ್ತೋ? ನಂಗೆ ಮರ್ತೇ ಹೋಗಿದೆ. ಹೇಳು.”