ಇಬ್ಬರಿಗೂ ಒಂದೇ ಚೆಂಡು

ಬಲಕ್ಕೆ ಹೋಯಿತು, ಬಲಕ್ಕೇ ಹೋಗುತ್ತಿದೆ, ಮೂರು ಮರಗಳ ನೆತ್ತಿ ಸವರಿಕೊಂಡು, ನಿಲ್ಲು ನಿಲ್ಲು, ನಿಲ್ಲು ಅಂದರೆ ನಿಲ್ಲುತ್ತದೆಯೇ, ನನ್ನ ಮಾತು ಕೇಳಿ ನಿಂತದ್ದು ರೈಲು ಒಂದೇ, ಅದೂ ಬ್ರೇಕು ಹಾಕಿದ ಅರ್ಧ ಮೈಲಿ ಆದಮೇಲೆ — ಇಳಿಯಿತು, ಕೊಳದ ಈಚೆ ದಡ, ಉದ್ದ ಹುಲ್ಲು, ಸದ್ಯ ನೀರಿಗೆ ಬೀಳಲಿಲ್ಲ. ಗಾಲ್ಫಿನ ಹದಿನೆಂಟನೆಯ ಕುಳಿ, ಕೊನೆಯದು, ಹೊಡೆತ ಕಡಿಮೆಯಾದಷ್ಟೂ ಮೇಲು, ಹದಿನೇಳು ಮುಗಿಯುವಾಗ ತೊಂಬತ್ತಮೂರು ಹೊಡೆತ, ಈಗ ತೊಂಬತ್ತನಾಲ್ಕು, ಇನ್ನು ಐದರಲ್ಲಿ ಮುಗಿಸಿದರೆ ತೊಂಬತ್ತೊಂಬತ್ತು, ನೂರರೊಳಗೆ, ನಾವಿಬ್ಬರೂ ಎಂದೂ ಇಣುಕಿ ನೋಡದ ಮನೆ ಅದು. ಹೋಗಲಿ ಬಿಡಿ ಸಾರ್, ಮರಕ್ಕೂ ಒಂದು ನಮಸ್ಕಾರ ಆಯ್ತು, ಅನ್ನುತ್ತಾರೆ ಜೊತೆಯಲ್ಲಿ ಆಡುತ್ತಿರುವ ಹಲ್ಲಿನ ಡಾಕ್ಟರು, ಅವರ ತಂಗಿ ನಕ್ಕು ತಲೆ ತಗ್ಗಿಸುತ್ತಾರೆ, ವರ್ಷಕ್ಕೊಮ್ಮೆಯ ಜೋಡಿ ಪಂದ್ಯ, ಅಣ್ಣ ತಂಗಿ ಒಂದು ಜೋಡಿ, ನಾವು ಗಂಡ ಹೆಂಡತಿ ಒಂದು ಜೋಡಿ, ಜೋಡಿಗೆ ಒಂದೇ ಚೆಂಡು, ಒಂದು ಹೊಡೆತ ನನ್ನದು, ಮುಂದಿನದು ಅವಳದು, ಮತ್ತೆ ನನ್ನದು, ಸರದಿ ತಪ್ಪಿದರೆ ದಂಡ. ಮುಂದಿನದು ಅವಳದು. ನೆನಪಿರಲಿ ಮಾರಾಯ, ಅವಳದು. ಬೆಳಿಗ್ಗೆ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ, ಮುಖ ಎತ್ತದೆ, ಹವಾಮಾನ ಹೇಳುವವರ ದನಿಯಲ್ಲಿ ಹೇಳಿದಳು — ನೋಡ್ರೀ, ಇವತ್ತೂ ನನ್ನ ಆಟ ನೀವೇ ಆಡಿದ್ರೆ ಮುಂದಿನ ವರ್ಷ ನಾನು ಡಾಕ್ಟರ ತಂಗಿ ಜೊತೆ ಜೋಡಿ ಆಗ್ತೀನಿ, ಅವರ ಜೊತೆ ಮಾತೂ ಆಡಿಯಾಗಿದೆ. ಮಾತೂ ಆಡಿಯಾಗಿದೆ. ನಾನು ಕಾಫಿ ಲೋಟ ಹಿಡಿದು ನಿಂತೇ ಇದ್ದೆ, ಬಿಸಿ ಆರುವ ತನಕ.

ನಡೆಯುತ್ತಿದ್ದೇವೆ, ಅವಳು ಮುಂದೆ, ನಾನು ಹಿಂದೆ, ಹುಲ್ಲು ಇನ್ನೂ ಒದ್ದೆ, ಎಡ ಮಂಡಿ ಮೆಲ್ಲಗೆ ಗೊಣಗುತ್ತಿದೆ, ಅರವತ್ತಾರು ವರ್ಷದ ಮಂಡಿ, ಗೊಣಗಲಿ. ಅರವತ್ತಕ್ಕೆ ಅರಳು ಮರಳು ಅಂತ ತಮ್ಮ ಆಡಿಕೊಂಡಿದ್ದ ನಾನು ಮೊದಲ ಸಲ ಈ ಕೋಲು ಹಿಡಿದಾಗ, ರಿಟೈರಾದ ಮೂರನೇ ತಿಂಗಳು, ಮನೆಯಲ್ಲಿ ಕೂತು ಗಡಿಯಾರ ನೋಡಿ ನೋಡಿ ಗಡಿಯಾರಕ್ಕೇ ನಾಚಿಕೆ ಆಗುತ್ತಿದ್ದ ದಿನಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ — ಬಗ್ಗಲಿಲ್ಲ, ಮೊದಲ ವರ್ಷವೆಲ್ಲ ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದೇ, ಕೋಲು ಒಂದು ಕಡೆ, ಹುಲ್ಲಿನ ಹೆಂಟೆ ಇನ್ನೊಂದು ಕಡೆ, ಚೆಂಡು ಮಾತ್ರ ಇದ್ದಲ್ಲೇ, ಯಾರಪ್ಪ ಇವನು ಅಂತ ನನ್ನನ್ನೇ ನೋಡುತ್ತಾ. ಮೊದಲ ಆಟದಲ್ಲಿ ನೂರಾ ನಲವತ್ತೊಂದು. ಕಲಿಸುವ ಮೇಷ್ಟ್ರು ನನಗಿಂತ ಮೂವತ್ತು ವರ್ಷ ಚಿಕ್ಕವರು, ಸಾರ್, ನೀವು ಚೆಂಡು ಹೊಡೀತಿಲ್ಲ, ಚೆಂಡು ಎಲ್ಲಿಗೆ ಹೋಗುತ್ತೆ ಅಂತ ನೋಡೋಕೆ ಮೊದಲೇ ಹೊರಟುಬಿಡ್ತೀರಿ, ಅಂದರು. ಸರಿಯಾಗೇ ಹಿಡಿದರು, ಮೂವತ್ತೆಂಟು ವರ್ಷ ಮುಂದೆ ನೋಡುವುದೇ ಸಂಬಳ, ಎಂಜಿನ್ನಿನ ಕಿಟಕಿಯಲ್ಲಿ ಕಣ್ಣು ಕೆಳಗಿಳಿಸಿದರೆ ಕೆಲಸ ಹೋದಂತೆ, ಕಂಡದ್ದನ್ನೆಲ್ಲ ಕೂಗಿ ಹೇಳಬೇಕು, ಸಿಗ್ನಲ್ ಹಸಿರು ಅಂತ ನಾನು, ಸಿಗ್ನಲ್ ಹಸಿರು ಅಂತ ಪಕ್ಕದವನು, ಅವನು ತಿರುಗಿ ಹೇಳಿದರೇನೇ ನನಗೆ ನೆಮ್ಮದಿ. ಆ ಚಾಳಿ ಇಲ್ಲಿಗೂ ಬಂತು, ಇಲ್ಲಿ ಒಬ್ಬರು ಕೋಲೆತ್ತಿದರೆ ಉಳಿದವರು ಉಸಿರನ್ನೂ ಮೆಲ್ಲಗೆ ಬಿಡಬೇಕು, ನಾನೋ, ಅವಳು ಕೋಲೆತ್ತಿದ ಕ್ಷಣಕ್ಕೆ ಸರಿಯಾಗಿ — ಎಡಕ್ಕೆ ಮರ! ಮುಂದೆ ಮರಳು! ಅವಳು ಕೋಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ನಿಲ್ದಾಣ ಬಂತಾ ರೀ, ಇಳೀಬೇಕಾ? ಎಲ್ಲರೂ ನಕ್ಕರು, ನಾನೂ ನಕ್ಕೆ, ಅವಳು ನಗಲಿಲ್ಲ.

ಅವಳು ಆಟಕ್ಕೆ ಸೇರಿದ್ದು ನನ್ನ ಎರಡನೇ ವರ್ಷ, ನನಗೆ ನೀರಿನ ಬಾಟಲಿ ತಂದುಕೊಡೋಕೆ ಬಂದವಳು ಸುಮ್ಮನೆ ಒಂದು ಹೊಡೆದು ನೋಡಿದಳು, ಟಕ್ ಅಂತ, ನೇರ, ಮೇಷ್ಟ್ರು ನನ್ನ ಬಿಟ್ಟು ಅವಳ ಕಡೆ ನಡೆದುಬಿಟ್ಟರು. ಇಡೀ ಜೀವಮಾನ ಆಪರೇಷನ್ ಕೋಣೆಯ ನರ್ಸು, ಸರ್ಜನ್ನರ ಕೈಗೆ ಕತ್ತರಿ, ಚಿಮುಟ, ಸೂಜಿ, ಕೇಳುವ ಮೊದಲೇ ಇಡುವವಳು, ನಡುಗದ ಕೈ, ನೋಡುವ ಕಣ್ಣು, ಯಾವಾಗಲೂ ಇನ್ನೊಬ್ಬರು ಕೊಯ್ಯುವುದಕ್ಕೆ ತಾನು ಹದ ಮಾಡಿಕೊಡುವುದು. ಈಗ ಕೋಲು ಅವಳದೇ. ಅದನ್ನು ನಾನು ಕಿತ್ತುಕೊಂಡೆ ಹೋದ ವರ್ಷ, ಹನ್ನೊಂದನೆಯ ಕುಳಿ, ಅವಳು ಬಗ್ಗಿ ಲೇಸು ಕಟ್ಟಿಕೊಳ್ಳುತ್ತಿದ್ದಳು, ಪೊದೆಯ ಬುಡದಲ್ಲಿ ಚೆಂಡು ಸಿಕ್ಕಿದ ಖುಷಿಗೆ ನಾನೇ ಬಾರಿಸಿಬಿಟ್ಟೆ, ಎಂಥ ಹೊಡೆತ ಅದು, ಹಾಗೆ ಇನ್ನೊಂದು ಹೊಡೆದಿಲ್ಲ, ಡಾಕ್ಟರು ಚಪ್ಪಾಳೆ ತಟ್ಟಿ, ತಟ್ಟುತ್ತಿದ್ದ ಕೈ ಅರ್ಧಕ್ಕೇ ನಿಲ್ಲಿಸಿ, ಸಾರ್, ಸರದಿ ಯಾರದು? ಎರಡು ಹೊಡೆತದ ದಂಡ, ಚೆಂಡು ವಾಪಸ್ಸು. ದಾರಿಯುದ್ದಕ್ಕೂ ಕ್ಷಮೆ ಕೇಳಿದೆ, ದಂಡ ಬಿತ್ತು ಅಂತ ಬೇಜಾರಾ? ಅವಳು, ಅದಲ್ಲ ಕಣ್ರೀ, ಹೊಡೆಯೋ ಮೊದಲು ನೀವು ಒಂದು ಸಲ ತಿರುಗಿ ಕೂಡ ನೋಡಲಿಲ್ಲ. ಅಷ್ಟೇ ಅಂದಳು, ಅದು ಹನ್ನೊಂದನೆಯ ಕುಳಿಯ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಬೇಡ, ಈಗ ಅದು ಬೇಡ, ಬಂದೇ ಬರುತ್ತದೆ ಹಾಳಾದ್ದು, ಆ ಮಧ್ಯಾಹ್ನ, ಇಪ್ಪತ್ತೆರಡು ವರ್ಷದ ಹಿಂದಿನದು, ರಾತ್ರಿ ಪಾಳಿ ಮುಗಿಸಿ ಬಂದು ಒಳಗೆ ಅವಳು ಮಲಗಿದ್ದಾಳೆ, ಪರದೆ ಎಳೆದ ಕೋಣೆ, ಫೋನು ಬಡಿದುಕೊಳ್ಳುತ್ತಿದೆ, ಬೇರೆ ಊರಿನ ನರ್ಸಿಂಗ್ ಶಾಲೆ, ನಿಮ್ಮ ಮನೆಯವರು ಇಲ್ಲಿಗೆ ಪಾಠ ಮಾಡೋಕೆ ಬರ್ತಾರಾ, ಅವರ ಆಸ್ಪತ್ರೆಯ ದೊಡ್ಡ ಡಾಕ್ಟರೇ ಹೆಸರು ಕೊಟ್ಟಿದ್ದಾರೆ, ಮನೆ ಕೂಡ ಕೊಡ್ತೀವಿ. ನಾನು, ಇಲ್ಲಮ್ಮ, ಅವಳಿಗೆ ಆಗಲ್ಲ, ಮಗಳು ಇನ್ನೂ ಎಂಟನೇ ಕ್ಲಾಸು. ಫೋನು ಇಟ್ಟೆ. ನಿದ್ದೆಯಲ್ಲಿದ್ದವಳನ್ನು ಎಬ್ಬಿಸಬಾರದು ಅಂದುಕೊಂಡೆ — ಸುಳ್ಳು, ಎಬ್ಬಿಸಿದರೆ ಹೂಂ ಅಂದುಬಿಟ್ಟಾಳು ಅನ್ನುವ ಹೆದರಿಕೆ. ಸಂಜೆ ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದೆ, ಹೀಗೆ ಒಂದು ಫೋನ್ ಬಂದಿತ್ತು, ಆಗಲ್ಲ ಅಂದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು, ಹೌದಾ, ಅಂದಳು, ಕಣ್ಣಲ್ಲಿ ನೀರಿತ್ತು, ಈರುಳ್ಳಿಗೋ ಏನೋ, ನಾನು ನಿಂತು ನೋಡಲಿಲ್ಲ, ರೈಲಿಗೆ ಹೊತ್ತಾಗಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಅವಳ ಮಾತನ್ನು ನಾನು ಆಡಿದ್ದೆ.

ಚೆಂಡು ಸಿಕ್ಕಿದೆ, ಹುಲ್ಲಿನಲ್ಲಿ ಅರ್ಧ ಮುಳುಗಿ, ಎದುರಿಗೆ ಕೊಳ, ಆಚೆ ದಡದಲ್ಲಿ ಗ್ರೀನ್, ನುಣುಪಾಗಿ ಕತ್ತರಿಸಿದ ಹುಲ್ಲು, ನಡುವೆ ಬಾವುಟ. ಎಡಗಡೆಯಿಂದ ಸುತ್ತಿ ಹೋದರೆ ಒಂದು ಹೊಡೆತ ಜಾಸ್ತಿ, ಆದರೆ ನೀರಿಲ್ಲ, ಎಡಕ್ಕೆ ಅವಳು, ಅಲ್ಲಿಂದ ಗ್ರೀನಿಗೆ ನಾನು, ಆಮೇಲೆ ಮೂರು ಉಳಿಯುತ್ತದೆ, ಕಣ್ಣು ಮುಚ್ಚಿ ಆಡಿದರೂ ನೂರರೊಳಗೆ. ಅವಳು ಚೀಲದಿಂದ ತೆಗೆದಳು — ಉದ್ದನೆಯ ಕೋಲು. ನೀರಿನ ಮೇಲಿಂದ. ಬೇಡ ಕಣೇ, ಹುಲ್ಲು ಉದ್ದ ಇದೆ, ಚೆಂಡು ಮೇಲೇಳುವುದಿಲ್ಲ, ಎಡಕ್ಕೆ, ಎಡಕ್ಕೆ — ನಾಲಿಗೆಯ ತುದಿಯಲ್ಲಿದೆ, ಹಲ್ಲಿನ ಹಿಂದೆ ತಳ್ಳುತ್ತಿದೆ, ಮುಂದೆ ನೀರು! ಮುಂದೆ ನೀರು! ಮೂವತ್ತೆಂಟು ವರ್ಷದ ಗಂಟಲು ಅದು. ನುಂಗಿದೆ. ಡಾಕ್ಟರು ನನ್ನ ಮುಖ ನೋಡಿ ತಂಗಿಗೆ ಕಣ್ಣು ಮಿಟುಕಿಸಿದರು. ಅವಳು ಒಮ್ಮೆ ನನ್ನ ಕಡೆ ತಿರುಗಿದಳು, ಕಾದಳು, ಹೌದು ಕಾದಳು, ನಾನೇನಾದರೂ ಅಂದೇನು ಅಂತ, ನಾನು ಕೊಳದ ಬಾತುಕೋಳಿ ಎಣಿಸಿದೆ, ಒಂದು, ಎರಡು, ಎರಡೇ ಇತ್ತು, ಮತ್ತೆ ಮೊದಲಿಂದ ಎಣಿಸಿದೆ. ಅವಳು ತಿರುಗಿ ಕೋಲೆತ್ತಿದಳು, ಭುಜ, ಸೊಂಟ, ಸದ್ದು ಚೆನ್ನಾಗಿತ್ತು, ಏರಿತು, ನೀರಿನ ಮೇಲೆ ಏರಿತು, ಹೋಗು ತಾಯಿ ಹೋಗು, ಹೋಗು, ಇನ್ನು ಎರಡು ಮಾರು — ಬುಳಕ್.

ಸುತ್ತು ಸುತ್ತು ಸುತ್ತು, ನೀರು ಅಗಲವಾಗುತ್ತಾ ನಮ್ಮ ಕಾಲಿನ ತನಕ ಬಂತು, ಬಾತುಕೋಳಿಗಳು ಬೈದುಕೊಂಡು ಹಾರಿದವು, ನಾನು ಅವಳ ಮುಖ ನೋಡಲು ಹೆದರಿ ನೋಡಿದೆ. ನಗುತ್ತಿದ್ದಾಳೆ. ಬಾಯಿ ತುಂಬ, ಹೊಟ್ಟೆ ಹಿಡಿದುಕೊಂಡು, ಮದುವೆಯಾದ ಹೊಸದರಲ್ಲಿ ಒಂದು ಸಲ ನಕ್ಕಿದ್ದಳು ಹೀಗೆ. ನಾನೇ ಮುಳುಗಿಸಿದ್ದು ಕಣ್ರೀ, ನಾನೇ! ಏನು ಚೆನ್ನಾಗಿ ಮುಳುಗಿತು ನೋಡಿದ್ರಾ! ನನಗೆ ನಗು ಬರಲಿಲ್ಲ, ಎದೆಯಿಂದ ಇನ್ನೇನೋ ಬಂತು, ಬಾಯಿಗೆ ಬಂದದ್ದನ್ನು ಈ ಸಲ ನುಂಗಲಿಲ್ಲ — ಅವತ್ತು ಫೋನಿನಲ್ಲಿ ನಾನು ಹಾಗೆ ಹೇಳಬಾರದಾಗಿತ್ತು, ನಿನ್ನ ಎಬ್ಬಿಸಬೇಕಾಗಿತ್ತು. ಯಾವತ್ತು ಅಂತ ಅವಳು ಕೇಳಲಿಲ್ಲ. ಕೋಲಿನ ಮಣ್ಣು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಹೂಂ, ಎಬ್ಬಿಸಬೇಕಾಗಿತ್ತು. ಹೋಗಿ ಇಂಥದ್ದೇ ಒಂದು ಕೊಳಕ್ಕೆ ಬೀಳ್ತಿದ್ದೆನೋ ಏನೋ, ಆದ್ರೆ ನಾನೇ ಬೀಳ್ತಿದ್ದೆ. ಆಮೇಲೆ, ಈಗ ಹೊಡೀರಿ, ಹಿಂದಿನವರು ಕಾಯ್ತಿದ್ದಾರೆ, ಅಂದು ಚೀಲದ ಬದಿಯ ಜೇಬಿನಿಂದ ಒಂದು ಚೆಂಡು ತೆಗೆದು ನನ್ನ ಕೈಯಲ್ಲಿಟ್ಟಳು. ಹಳದಿ. ಮೂರು ತಿಂಗಳ ಹಿಂದೆ ಅಂಗಡಿಯಲ್ಲಿ ಅವಳು ಇದನ್ನು ಕೈಗೆತ್ತಿಕೊಂಡಾಗ, ಮಕ್ಕಳಾಟದ ಸಾಮಾನು ಇದ್ದ ಹಾಗಿದೆ, ಬಿಳಿಯದೇ ಇರಲಿ, ಅಂದು ನಾನೇ ವಾಪಸ್ಸು ಇಡಿಸಿದ್ದೆ, ಯಾವಾಗ ಹೋಗಿ ತಂದುಕೊಂಡಳೋ.

ನೀರಿಗೆ ಬಿದ್ದದ್ದಕ್ಕೆ ಒಂದು ದಂಡ, ತೊಂಬತ್ತಾರು, ಮಂಡಿಯ ಎತ್ತರದಿಂದ ಚೆಂಡು ಕೆಳಗೆ ಬಿಡಬೇಕು, ಬಿಟ್ಟೆ, ಹಳದಿ ಹುಲ್ಲಿನ ಮೇಲೆ ಕೂತಿತು, ಬಿಳಿಯದಕ್ಕಿಂತ ಎಷ್ಟು ಚೆನ್ನಾಗಿ ಕಾಣುತ್ತದೆ, ಒಪ್ಪಿಕೊಂಡರೆ ಗಂಟೇನು ಹೋಗುತ್ತದೆ. ಅರ್ಧ ಬೀಸು, ಸಾರ್, ಅರ್ಧವೇ ಸಾಕು, ಮೇಷ್ಟ್ರು ಹೇಳುತ್ತಿದ್ದದ್ದು. ಮುಂದೆ ನೋಡಲಿಲ್ಲ, ನೀರು ನೋಡಲಿಲ್ಲ, ಹಳದಿ ಒಂದನ್ನೇ ನೋಡಿದೆ, ಅದು ಇಲ್ಲವಾದ ಮೇಲೂ ಅದಿದ್ದ ಜಾಗವನ್ನೇ ನೋಡಿದೆ, ಡಾಕ್ಟರ ತಂಗಿ ಅಯ್ಯೋ ಅಂದರು, ಅದು ಒಳ್ಳೆಯ ಅಯ್ಯೋ, ತಲೆ ಎತ್ತಿದರೆ ಆಚೆ ದಡದಲ್ಲಿ, ಗ್ರೀನಿನ ಮೇಲೆ, ಬಾವುಟಕ್ಕೆ ನಾಲ್ಕು ಮಾರು ದೂರದಲ್ಲಿ ಹಳದಿ. ತೊಂಬತ್ತೇಳು. ಅರವತ್ತಾರಕ್ಕೆ ಬಗ್ಗಿತಪ್ಪ ಮರ. ಸೇತುವೆ ದಾಟಿ ಬಂದೆವು, ಅವಳು ಕುಕ್ಕರಗಾಲಲ್ಲಿ ಕೂತು ನೆಲದ ಇಳಿಜಾರು ನೋಡುತ್ತಿದ್ದಾಳೆ, ನನಗೆ ಕಾಣುತ್ತಿದೆ, ಎಡದಿಂದ ಇಳಿಯುತ್ತದೆ, ನಾನು ಬಾಯಿಗೆ ಬೀಗ ಹಾಕಿ ಆಕಾಶ ನೋಡಿದೆ. ರೀ, ಯಾವ ಕಡೆಗೆ ತಿರುಗುತ್ತೆ ಇದು? ನಿನ್ನ ಕಣ್ಣಿಗೆ ಹೇಗೆ ಕಾಣುತ್ತೋ ಹಾಗೆ, ಅಂದೆ, ದೊಡ್ಡ ಸಂತನ ಹಾಗೆ. ಅಯ್ಯೋ ರಾಮ, ಕೇಳ್ತಿದ್ದೀನಲ್ಲ, ಕೇಳಿದಾಗ ಹೇಳಬೇಕು, ಕೇಳದಿದ್ದಾಗ ಸುಮ್ಮನಿರಬೇಕು, ಇಷ್ಟು ಸುಲಭ ಕಣ್ರೀ ಇದು. ಎಡಕ್ಕೆ ಎರಡು ಬೆರಳು, ಅಂದೆ. ಎಡಕ್ಕೆ ಎರಡು ಬೆರಳು, ಅಂದಳು ಅವಳು, ನನ್ನಷ್ಟೇ ಗಟ್ಟಿಯಾಗಿ, ಹಾಗೆ ತಿರುಗಿ ಹೇಳುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ನನ್ನ ಕಾಲು ಆ ಕ್ಷಣ ನೆಲಕ್ಕೆ ಊರಿತು.

ತಳ್ಳಿದಳು, ಮೆಲ್ಲಗೆ, ತೊಂಬತ್ತೆಂಟು, ಹಳದಿ ಉರುಳುತ್ತಿದೆ, ಎಡಕ್ಕೆ ಹತ್ತಿ, ತಿರುಗಿ, ಇಳಿದು, ಕುಳಿಯ ಕಡೆಗೇ, ಇನ್ನೊಂದು ಸುತ್ತು, ಇನ್ನೊಂದೇ ಸುತ್ತು — ನಿಂತಿತು, ಒಂದು ಗೇಣು ಈಚೆ. ಡಾಕ್ಟರು ಛೇ ಅಂದರು. ನಾನು ಅಲುಗಲಿಲ್ಲ, ಸರದಿ ನನ್ನದು ಅಂತ ಗೊತ್ತು, ಆದರೂ ಅಲುಗಲಿಲ್ಲ, ಅವಳ ಕಡೆ ತಿರುಗಿ ನೋಡಿದೆ. ಬನ್ರೀ, ನಿಮ್ಮದು, ಅಂದಳು, ಹೋದೆ, ಪಾದ ಇಟ್ಟೆ, ಬಗ್ಗಿದೆ, ಗೇಣು, ತೊಂಬತ್ತೊಂಬತ್ತಕ್ಕೆ ಒಂದು ಗೇಣು, ಆಗ ನನ್ನ ಬೆನ್ನ ಹಿಂದಿನಿಂದ, ಮೆಲುದನಿಯಲ್ಲಿ, ಡಾಕ್ಟರ ತಂಗಿಗೋ ನನಗೋ, ಕ್ಷಮಿಸಿ, ಮುಂದಿನ ವರ್ಷಾನೂ ನಾನು ಇವರ ಜೊತೆಗೇ ಆಡ್ತೀನಿ. ಯಾರಾದರೂ ಕೋಲು ಹಿಡಿದಾಗ ಮಾತಾಡಬಾರದು ಕಣೇ, ಇಲ್ಲಿಯ ನಿಯಮ, ನೀನೇ ಹೇಳಿಕೊಟ್ಟದ್ದು, ಈಗ ನೋಡು, ಚೆಂಡು ಒಂದು ಎರಡಾಗಿ ಕಾಣುತ್ತಿದೆ, ರೆಪ್ಪೆ ಬಡಿದರೆ ಒಂದು, ಮತ್ತೆ ಎರಡು, ಒಂದೇ, ಗೇಣು ದೂರ, ಹಳದಿ, ಇಷ್ಟು ಹತ್ತಿರ, ಹಳದಿ, ಹಳದಿ —