ಹಲಗೆ ಎಣ್ಣೆ ಕುಡಿಯುವವರೆಗೆ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಹೆಂಡತಿ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟೂ ಬೇಡವೇ? ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ತಾಮ್ರದ ತಂತಿಯ ಕಾಯಿಲ್ ಸುತ್ತಿದವನು ನಾನು. ನಾನು ಸುತ್ತಿದ್ದು ಒಂದೂ ಸುಟ್ಟು ವಾಪಸ್ ಬಂದಿಲ್ಲ. ಇದನ್ನು ಕೇಳದವರಿಗೂ ಹೇಳುತ್ತೇನೆ.

ಆ ಶನಿವಾರ ನನ್ನ ನಿವೃತ್ತಿ. ಕೊನೆಯ ಕಾಯಿಲ್ ಬುಧವಾರವೇ ತೊಟ್ಟಿಗೆ ಇಳಿದಿತ್ತು. ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ಎಣ್ಣೆ ತುಂಬಿಸಿದ್ದರು. ಆಮೇಲೆ ಕಾಯುವುದೇ ಕೆಲಸ. ತಂತಿಗೆ ಸುತ್ತಿದ ಕಾಗದ, ಕಾಯಿಲ್‌ಗೆ ಆಸರೆಯಾದ ರಟ್ಟಿನ ಹಲಗೆ, ಎಲ್ಲವೂ ಎಣ್ಣೆ ಕುಡಿಯಬೇಕು. ಒಳಗೆ ಒಣ ಜಾಗ ಉಳಿದರೆ ಟೆಸ್ಟ್‌ನಲ್ಲಿ ವೋಲ್ಟೇಜ್ ಏರಿಸಿದಾಗ ಅಲ್ಲೇ ಕಿಡಿ ಹುಟ್ಟುತ್ತದೆ. ನಮ್ಮಲ್ಲಿ ಮೊದಲಿನಿಂದಲೂ ಮೂರು ದಿನದ ಲೆಕ್ಕ.

"ಶನಿವಾರ ನೀವಿದ್ದಾಗಲೇ ಟೆಸ್ಟ್ ಮುಗಿಸೋಣ, ನೋಡ್ಕೊಂಡೇ ಮನೆಗೆ ಹೋಗಿ" ಎಂದರು ಮ್ಯಾನೇಜರ್, ಶುಕ್ರವಾರ. ನಾನು ಹಿರಿಹಿರಿ ಹಿಗ್ಗಿದೆ. ಸೋಮವಾರದಿಂದ ನಾನು ಹೊರಗಿನವನು, ಟೆಸ್ಟ್ ಶೆಡ್ಡಿಗೆ ಹೊರಗಿನವರನ್ನು ಬಿಡುವುದಿಲ್ಲ.

"ಆಗಲ್ಲ ಸರ್, ಮುಂದಿನ ಬುಧವಾರ" ಎಂದಳು ಎಣ್ಣೆ ವಿಭಾಗದ ಉಸ್ತುವಾರಿ, ಕಡ್ಡಿ ಮುರಿದ ಹಾಗೆ. ಉಸ್ತುವಾರಿ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಮಗಳು.

"ಈ ಸಲ ಹಲಗೆ ಒಂದೂವರೆ ಪಟ್ಟು ದಪ್ಪ ಇದೆ ಅಪ್ಪ. ಅಷ್ಟು ದಪ್ಪಕ್ಕೆ ಎಣ್ಣೆ ಇಳಿಯೋಕೆ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು ಬೇಕು."

"ನೀನು ಅಂಬೆಗಾಲಿಡ್ತಿದ್ದಾಗ್ಲೇ ನಾನು ಹಲಗೆ ಜೋಡಿಸ್ತಿದ್ದೆ. ನನಗೆ ಹೇಳಿಕೊಡ್ತೀಯಾ?"

"ಹೂಂ, ಹೇಳಿಕೊಡ್ತಿದೀನಿ."

ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಅವಳ ಜೊತೆ ಮಾತು ಬಿಟ್ಟೆ. ತಟ್ಟೆ ತಂದಿಟ್ಟರೆ ಮುಖ ತಿರುಗಿಸಿದೆ. "ಥೇಟ್ ನಿಮ್ಮ ಹಾಗೇ ಬೆಳೆಸಿದ್ರಲ್ಲ, ಈಗ ಅನುಭವಿಸಿ" ಎಂದು ಹೆಂಡತಿ ನಕ್ಕಳು.

ಶನಿವಾರ ಬೆಳಿಗ್ಗೆ ಟೆಸ್ಟ್‌ಗೆ ತಯಾರಿ ನಡೆದಿರುವಾಗ ಮಗಳು ಒಂದು ಚಿಕ್ಕ ಡಬ್ಬಿ ತಂದು ಎಲ್ಲರೆದುರಿಗೆ ಮೇಜಿನ ಮೇಲಿಟ್ಟಳು. ಅದೇ ಹಲಗೆಯ ಎರಡು ತುಂಡುಗಳನ್ನು ಅವಳು ಕಾಯಿಲ್ ಜೊತೆಗೇ ಒಣಗಿಸಿ, ಅಷ್ಟೇ ಗಾಳಿ ಎಳೆದು, ಅದೇ ಎಣ್ಣೆಯಲ್ಲಿ ಬುಧವಾರದಿಂದ ಮುಳುಗಿಸಿಟ್ಟಿದ್ದಳು. ಒಂದನ್ನು ತೆಗೆದು ಗರಗಸದಿಂದ ಎರಡು ಹೋಳು ಮಾಡಿದಳು. ಸುತ್ತಲೂ ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು. ನಟ್ಟನಡುವೆ ನನ್ನ ಹೆಬ್ಬೆರಳಗಲ ಬಿಳಿಚಿಕೊಂಡ ಒಣ ಜಾಗ. ಉಗುರಿನಿಂದ ಕೆರೆದು ನೋಡಿದೆ, ಎಣ್ಣೆಯ ಪಸೆಯೂ ಇಲ್ಲ.

ಮ್ಯಾನೇಜರ್ ನನ್ನ ಮುಖ ನೋಡಿದರು.

"ಟೆಸ್ಟ್ ನಿಲ್ಸಿ ಸರ್" ಎಂದೆ. "ನನ್ನ ಕಾಯಿಲ್‌ಗೆ ನಾನೇ ಕೊಳ್ಳಿ ಇಡ್ತಿದ್ದೆ."

ಆ ಸಂಜೆ ಹಾರ ಹಾಕಿಸಿಕೊಂಡು ಗೇಟು ದಾಟಿದೆ. ಕೊನೆಯ ಟೆಸ್ಟ್ ನೋಡಲಾಗಲಿಲ್ಲವೆಂದು ಶೆಡ್ಡಿನ ಕಡೆ ಎರಡು ಸಲ ತಿರುಗಿ ನೋಡಿದೆ, ಸುಳ್ಳೇಕೆ ಹೇಳಲಿ.

ಬುಧವಾರ ಬೆಳಿಗ್ಗೆ ಎರಡನೆಯ ತುಂಡನ್ನೂ ಕೊಯ್ದಳಂತೆ. ನಡುವಿನವರೆಗೂ ಒಂದೇ ಬಣ್ಣ. ಮಧ್ಯಾಹ್ನ ಫೋನ್ ಬಂತು. "ವೋಲ್ಟೇಜ್ ಏರಿಸ್ತಿದ್ದಾರೆ ಅಪ್ಪ, ಬೇಲಿ ಪಕ್ಕ ನಿಂತಿದೀನಿ. ಕೇಳಿ."

ಕಿವಿಗೊತ್ತಿ ಹಿಡಿದೆ. ಗುಂಯ್ ಎಂದು ಒಂದೇ ಸಮನೆ ಸದ್ದು. ಪೂರ್ತಿ ಒಂದು ಗಂಟೆ, ನಡುವೆ ಒಂದು ಚಟ್ ಎನ್ನುವ ಸದ್ದೂ ಇಲ್ಲ. ಹೆಂಡತಿ ಊಟಕ್ಕೆ ಕರೆದಳು, ಕೈಸನ್ನೆ ಮಾಡಿ ಸುಮ್ಮನಾಗಿಸಿದೆ.

"ಪಾಸ್ ಆಯ್ತು ಅಪ್ಪ. ನಿಮ್ಮ ಕಾಯಿಲ್."

"ನಂದಲ್ಲ ಕಣೇ, ನಿಂದು" ಎಂದೆ. "ನನ್ನ ಕೈಗೆ ಬಿಟ್ಟಿದ್ರೆ ಶನಿವಾರಾನೇ ಸುಟ್ಟುಹೋಗ್ತಿತ್ತು."

ಈಗ ಕೇಳದವರಿಗೆಲ್ಲ ಇದನ್ನೂ ಹೇಳುತ್ತೇನೆ.